ಖಾಲಿ ಕ್ಯಾನಿಗೆ ಹೆದರಬೇಕು

ಅವನಿಗೂ ಒಂದು ಹೆಸರಿತ್ತು. ಆದರೆ ಊರಿಗೆಲ್ಲ ಅವನು ಡ್ರೈವರಣ್ಣ. ಅಪ್ಪಯ್ಯನ ಹಳೇ ಪೆಟ್ರೋಲ್ ಜೀಪಿಗೂ ಅವನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು ಎಂದು ಅಮ್ಮ ತಮಾಷೆ ಮಾಡುತ್ತಿದ್ದರು. ಅವನ ಎಡಗೈಯ ಕೊನೆಯ ಎರಡು ಬೆರಳು ಎಂದೂ ನೆಟ್ಟಗಾಗುತ್ತಿರಲಿಲ್ಲ. ಮುಂಗೈಯಿಂದ ಮೊಣಕೈವರೆಗಿನ ಚರ್ಮ ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳದಂತೆ ಒಂದು ಕಡೆ ಸುಕ್ಕು, ಇನ್ನೊಂದು ಕಡೆ ನುಣುಪು. ಆ ಮಡಿಚಿದ ಬೆರಳುಗಳನ್ನೇ ಗೇರಿನ ಗುಂಡಿಗೆ ಕೊಕ್ಕೆಯಂತೆ ಸಿಕ್ಕಿಸಿ ಅವನು ಆಗುಂಬೆಯ ತಿರುವುಗಳಲ್ಲಿ ಜೀಪು ಇಳಿಸುವುದನ್ನು ನೋಡುವುದೇ ನಮಗೆ ಮಕ್ಕಳಿಗೆ ಒಂದು ಹಬ್ಬ.

ಆ ಕೈ ಸುಟ್ಟದ್ದು 1978ರ ಬೇಸಿಗೆಯಲ್ಲಿ. ಆಗ ನನಗೆ ಒಂಬತ್ತು ವರ್ಷ. ನಮ್ಮ ಮನೆಯಿಂದ ಪೇಟೆಯ ಬಂಕಿಗೆ ಅರ್ಧ ದಿನದ ದಾರಿ. ಹಾಗಾಗಿ ಜೀಪಿನ ಹಿಂಭಾಗದಲ್ಲಿ ಯಾವಾಗಲೂ ಒಂದು ಪೆಟ್ರೋಲ್ ಕ್ಯಾನು ಇರುತ್ತಿತ್ತು. ಅದರ ಮೂಲೆಯಲ್ಲಿ ಕೂದಲೆಳೆಯಷ್ಟು ಸೋರಿಕೆ ಕಂಡಿತು. ಡ್ರೈವರಣ್ಣ ಅದನ್ನು ಪೂರ್ತಿ ಬಗ್ಗಿಸಿ ಖಾಲಿ ಮಾಡಿ, ಮುಚ್ಚಳ ಹಾಕಿ ಎರಡು ದಿನ ಕೊಟ್ಟಿಗೆಯಲ್ಲಿ ಇಟ್ಟ. ಮೂರನೆಯ ದಿನ ಪೇಟೆಯಲ್ಲಿ ಬೆಸುಗೆ ಹಾಕುವವನ ಬಳಿ ಒಯ್ದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ‘ಒಂದು ಹನಿ ಇಲ್ಲ, ಹಾಕು ಮಾರಾಯಾ’ ಎಂದನಂತೆ. ಬ್ಲೋ ಲ್ಯಾಂಪಿನ ಉರಿ ಹತ್ತಿರ ಬಂದದ್ದಷ್ಟೇ ಅವನಿಗೆ ನೆನಪು. ಕ್ಯಾನು ಹೂವಿನಂತೆ ಬಿರಿದು ರಸ್ತೆಯಾಚೆ ಬಿದ್ದಿತ್ತು. ಬೆಸುಗೆಯವನು ಬಾಗಿ ಕುಳಿತಿದ್ದರಿಂದ ಹುಬ್ಬು ಸುಟ್ಟುಕೊಂಡು ಬಚಾವಾದ. ಎಡಗೈಯಲ್ಲಿ ಕ್ಯಾನು ಹಿಡಿದು ನಿಂತಿದ್ದವನು ಡ್ರೈವರಣ್ಣ.

ತುಂಬಿದ ಕ್ಯಾನು ಸಿಡಿದಿದ್ದರೆ ಊರಿಗೆ ಅರ್ಥವಾಗುತ್ತಿತ್ತು. ಖಾಲಿ ಕ್ಯಾನು ಸಿಡಿದದ್ದು ಯಾರಿಗೂ ಅರ್ಥವಾಗಲಿಲ್ಲ. ದಾರಿಯ ಚೌಡಿಯ ಕಾಟ ಎಂದು ಕೆಲವರು ಹೇಳಿ ಒಂದು ಕೋಳಿಯನ್ನೂ ಕೊಟ್ಟರು. ಡ್ರೈವರಣ್ಣ ಮಾತ್ರ ಯಾವ ಪುಸ್ತಕವನ್ನೂ ಓದದೆ ಸರಿಯಾದ ಪಾಠ ಕಲಿತ. ಆಸ್ಪತ್ರೆಯಿಂದ ಬಂದವನು ನನಗೆ ಹೇಳಿದ್ದು ಇಷ್ಟು: ‘ಸಣ್ಣಯ್ಯಾ, ತುಂಬಿದ ಕ್ಯಾನು ಕಂಡ್ರೆ ಎಲ್ರೂ ಹೆದರ್ತಾರೆ. ನೀವು ಖಾಲಿ ಕ್ಯಾನಿಗೆ ಹೆದ್ರಿ.’

ಅದರ ಹಿಂದಿನ ವಿಜ್ಞಾನ ನನಗೆ ತಿಳಿದದ್ದು ಕಾಲೇಜಿನಲ್ಲಿ. ಪೆಟ್ರೋಲ್ ದ್ರವ ಉರಿಯುವುದಿಲ್ಲ, ಉರಿಯುವುದು ಅದರ ಆವಿ. ನೂರು ಪಾಲು ಗಾಳಿಯಲ್ಲಿ ಸುಮಾರು ಒಂದೂವರೆಯಿಂದ ಏಳೂವರೆ ಪಾಲು ಆವಿ ಬೆರೆತಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೂ ಇಲ್ಲ, ಹೆಚ್ಚಾದರೂ ಇಲ್ಲ. ತುಂಬಿದ ಕ್ಯಾನಿನೊಳಗೆ ಗಾಳಿಗೆ ಜಾಗವೇ ಇರುವುದಿಲ್ಲ. ಖಾಲಿಯಾದ ಕ್ಯಾನಿನಲ್ಲಿ ಗೋಡೆಗೆ ಅಂಟಿದ ನಾಲ್ಕು ಹನಿಯ ಆವಿಯೂ ಬೇಕಾದಷ್ಟು ಗಾಳಿಯೂ ಕೂಡಿ, ನುರಿತ ಅಡುಗೆಯವನು ಹದ ಹಾಕಿಟ್ಟ ಹಾಗೆ ಕಾದಿರುತ್ತವೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರದೆ ನೀರಿನಂತೆ ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ, ದೂರದ ಬೆಂಕಿಯನ್ನು ಹುಡುಕಿಕೊಂಡು ಹೋಗುತ್ತದೆ.

ಇಷ್ಟೆಲ್ಲ ತಿಳಿದವನು, ಅಂಥ ಕೈಯನ್ನು ದಿನವೂ ನೋಡಿ ಬೆಳೆದವನು, ನಾನೇ ಒಮ್ಮೆ ಇಪ್ಪತ್ತು ಲೀಟರ್ ಪೆಟ್ರೋಲನ್ನು ಪ್ಲಾಸ್ಟಿಕ್ ಡಬ್ಬಗಳಲ್ಲಿ ತುಂಬಿ ಬೆನ್ನ ಹಿಂದೆ ಇಟ್ಟುಕೊಂಡು ಹಿಮಾಲಯ ಹತ್ತಿದೆ ಎಂದರೆ ನೀವು ನಂಬಬೇಕು.

ಅದು 2012. ಇಬ್ಬರು ಗೆಳೆಯರೂ ನಾನೂ ಒಂದು ಹಳೆಯ ಮಾರುತಿ ಜಿಪ್ಸಿಯಲ್ಲಿ ಬೆಂಗಳೂರಿನಿಂದ ಲೇಹ್‌ಗೆ ಹೊರಟಿದ್ದೆವು. ಅಟಲ್ ಸುರಂಗ ತೆರೆದದ್ದು 2020ರಲ್ಲಿ. ಆಗ ಮನಾಲಿಯಿಂದ ರೋಹ್ತಾಂಗ್ ಕಣಿವೆಯ ಕೆಸರಿನಲ್ಲಿ ಉರುಳಿಕೊಂಡೇ ಲಾಹೌಲ್‌ಗೆ ಇಳಿಯಬೇಕಿತ್ತು. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವಲ್ಲಿ ತಾಂಡಿ ಎಂಬ ಪುಟ್ಟ ಊರು, ಅಲ್ಲೊಂದು ಪೆಟ್ರೋಲ್ ಬಂಕು. ಆ ಬಂಕಿಗಿಂತ ಅದರ ಬೋರ್ಡೇ ಹೆಚ್ಚು ಪ್ರಸಿದ್ಧ: ಮುಂದಿನ ಬಂಕು 365 ಕಿಲೋಮೀಟರ್ ದೂರದಲ್ಲಿ! ವರ್ಷಕ್ಕೆಷ್ಟು ದಿನವೋ ಅಷ್ಟು ಕಿಲೋಮೀಟರ್. ಅದರ ಎದುರು ನಿಂತು ಫೋಟೋ ತೆಗೆಸಿಕೊಳ್ಳದ ಪ್ರವಾಸಿಗನಿಲ್ಲ.

ಲೆಕ್ಕ ಸರಳವಾಗಿತ್ತು. ಜಿಪ್ಸಿಯ ಟ್ಯಾಂಕು 40 ಲೀಟರಿನದು. ಆ ಏರಿನಲ್ಲಿ ನಮ್ಮ ಗಾಡಿ ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಟ್ಟರೆ ಪುಣ್ಯ. 365ಕ್ಕೆ 40 ಲೀಟರ್ ಸಾಲದು. ದಾರಿ ಕುಸಿದು ಹಿಂದಿರುಗಬೇಕಾದರೆ ಏನು ಗತಿ? ಆದ್ದರಿಂದ 20 ಲೀಟರ್ ಹೆಚ್ಚಿಗೆ ಬೇಕು ಎಂದುಕೊಂಡದ್ದು ತಪ್ಪಲ್ಲ. ಅದನ್ನು ಯಾವುದರಲ್ಲಿ, ಎಲ್ಲಿ, ಹೇಗೆ ಒಯ್ಯಬೇಕು ಎಂಬುದಕ್ಕೆ ನಾವು ಎರಡು ನಿಮಿಷವನ್ನೂ ಕೊಡಲಿಲ್ಲ. ಮನಾಲಿಯ ಗುಜರಿ ಅಂಗಡಿಯೊಂದರಲ್ಲಿ ಅಡುಗೆ ಎಣ್ಣೆ ತುಂಬಿ ಬಂದಿದ್ದ, ಹತ್ತು ಲೀಟರಿನ ಎರಡು ಪ್ಲಾಸ್ಟಿಕ್ ಡಬ್ಬ ಕೊಂಡೆವು. ಚೌಕಾಸಿ ಮಾಡಿ ಇಪ್ಪತ್ತು ರೂಪಾಯಿ ಉಳಿಸಿದ ಹೆಮ್ಮೆ ಬೇರೆ.

ತಾಂಡಿಯ ಬಂಕಿನಲ್ಲಿದ್ದ ಮುದುಕ, ಡಬ್ಬಗಳು ಜಿಪ್ಸಿಯೊಳಗೆ ರಬ್ಬರ್ ಮ್ಯಾಟಿನ ಮೇಲೆ ಇರುವುದನ್ನು ನೋಡಿ ಪೈಪನ್ನು ವಾಪಸು ಸಿಕ್ಕಿಸಿದ. ‘ಕೆಳಗಿಡಿ ಸಾಹೇಬರೇ, ನೆಲದ ಮೇಲೆ’ ಎಂದ. ಇಳಿಸುವುದಕ್ಕೆ ಬೇಸರಪಟ್ಟೆವು. ಚಳಿಗಾಲದಲ್ಲಿ ಉಣ್ಣೆಯ ಸ್ವೆಟರ್ ಕಳಚುವಾಗ ಚಟಚಟ ಎನ್ನುತ್ತದಲ್ಲ, ಪೈಪಿನಲ್ಲಿ ರಭಸದಿಂದ ಹರಿಯುವ ಪೆಟ್ರೋಲಿನಲ್ಲೂ ಅಂಥದೇ ವಿದ್ಯುತ್ತು ಹುಟ್ಟುತ್ತದೆ. ಮ್ಯಾಟಿನ ಮೇಲಿದ್ದರೆ ಅದಕ್ಕೆ ನೆಲಕ್ಕೆ ಇಳಿಯಲು ದಾರಿಯಿಲ್ಲ. ಅಲ್ಲಿಯ ಒಣ ಹವೆಯಲ್ಲಂತೂ ಒಂದು ಕಿಡಿ ಹಾರಿದರೆ ಮುಗಿಯಿತು. ಡಬ್ಬ ಲೋಹದ್ದಾಗಿದ್ದು, ನೆಲದ ಮೇಲಿದ್ದು, ಪೈಪಿನ ಮೂತಿ ಅದರ ಬಾಯಿಗೆ ತಾಗಿದ್ದರೆ ಆ ವಿದ್ಯುತ್ತು ಸದ್ದಿಲ್ಲದೆ ಇಳಿದುಹೋಗುತ್ತದೆ. ಮುದುಕನಿಗೆ ಇದನ್ನೆಲ್ಲ ವಿವರಿಸುವ ವ್ಯವಧಾನ ಇರಲಿಲ್ಲ. ಇಡಿ ಎಂದ, ಇಟ್ಟೆವು.

ಒಂಬತ್ತು ಲೀಟರಿಗೆ ಅವನು ನಿಲ್ಲಿಸಿದ. ನಾನು ‘ಇನ್ನೂ ಹಿಡಿಯುತ್ತದೆ, ತುಂಬಿ’ ಎಂದೆ. ಅವನು ಬೇಡವೆಂದು ತಲೆಯಾಡಿಸಿದ. ನಾನು ಬೋರ್ಡಿನ ಕಡೆ ಕೈ ತೋರಿಸಿದೆ. ಅವನು ನನ್ನ ಮುಖ ನೋಡಿ, ಬಾಯಿಯವರೆಗೂ ತುಂಬಿದ. ಆ ನೋಟದ ಅರ್ಥ ನನಗಾದದ್ದು ಮರುದಿನ.

ಪೆಟ್ರೋಲ್ ಬಿಸಿಯಾದರೆ ಹಿಗ್ಗುತ್ತದೆ. ಹತ್ತು ಡಿಗ್ರಿ ಏರಿದರೆ ನೂರಕ್ಕೆ ಒಂದು ಪಾಲು. ಬೆಳಗಿನ ಚಳಿಯಲ್ಲಿ ತುಂಬಿಸಿದ್ದು ಮಧ್ಯಾಹ್ನ ಗಾಜಿನೊಳಗಿನ ಬಿಸಿಲಿನಲ್ಲಿ ಕುಳಿತರೆ ಡಬ್ಬದೊಳಗೆ ಜಾಗ ಕೇಳುತ್ತದೆ. ಅದರ ಮೇಲೆ ಎತ್ತರ ಬೇರೆ. ಬಾರಾಲಾಚಾ ಕಣಿವೆ 4,890 ಮೀಟರ್, ತಾಂಡಿಗಿಂತ ಎರಡು ಸಾವಿರ ಮೀಟರಿಗೂ ಹೆಚ್ಚು ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚಷ್ಟೇ. ನಾವು ಕೊಂಡೊಯ್ದಿದ್ದ ಚಿಪ್ಸ್ ಪೊಟ್ಟಣಗಳು ದಿಂಬಿನಂತೆ ಉಬ್ಬಿದ್ದನ್ನು ಕಂಡು ನಕ್ಕೆವು. ಅದೇ ಕೆಲಸ ಬೆನ್ನ ಹಿಂದೆ ಚೀಲಗಳ ಅಡಿಯಲ್ಲಿ ಎರಡು ಡಬ್ಬಗಳಿಗೂ ಆಗುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಮೂವರಿಗೂ ತಲೆನೋವು, ಹೊಟ್ಟೆ ತೊಳೆಸುವುದು. ಎತ್ತರದ ಕಾಯಿಲೆ ಎಂದುಕೊಂಡೆವು. ಚಳಿಗೆ ಕಿಟಕಿ ಏರಿಸಿದ್ದೆವು. ಪೆಟ್ರೋಲ್ ವಾಸನೆ ಇತ್ತು, ಆದರೆ ಬೆಳಗಿನಿಂದಲೂ ಇತ್ತಾದ್ದರಿಂದ ಮೂಗು ಅದಕ್ಕೆ ಒಗ್ಗಿಹೋಗಿತ್ತು. ಕಣಿವೆ ದಾಟಿ ಸ್ವಲ್ಪ ಕೆಳಗಿಳಿದು, ಟೀ ಕುಡಿದರೆ ಸರಿಹೋದೀತೆಂದು ಗಾಡಿ ನಿಲ್ಲಿಸಿದೆವು. ಗಾಳಿ ಸುಯ್ಯೆಂದು ಬೀಸುತ್ತಿತ್ತು. ಗೆಳೆಯ ಹಿಂಬಾಗಿಲು ತೆರೆದು, ಅದರ ಮರೆಯಲ್ಲಿ ನೆಲದ ಮೇಲೆ ಪುಟ್ಟ ಗ್ಯಾಸ್ ಒಲೆ ಇಟ್ಟು ಲೈಟರ್ ಹುಡುಕತೊಡಗಿದ.

ಕೆಳಗಿನಿಂದ ಏರಿಬರುತ್ತಿದ್ದ ಲಾರಿಯೊಂದು ನಮ್ಮ ಪಕ್ಕದಲ್ಲೇ ನಿಂತಿತು. ಚಾಲಕ ಇಳಿದವನೇ ನಾಲ್ಕು ಹೆಜ್ಜೆಯಲ್ಲಿ ಬಂದು ಲೈಟರನ್ನು ಗೆಳೆಯನ ಕೈಯಿಂದ ಕಿತ್ತುಕೊಂಡ. ಏನೂ ಹೇಳದೆ ಹಿಂಬಾಗಿಲಿನ ಅಂಚಿಗೆ ಬೆರಳು ತೋರಿಸಿದ. ಅಲ್ಲಿಂದ ತೊಟ್ಟು ತೊಟ್ಟಾಗಿ ಒಲೆಯ ಗೇಣುದ್ದ ಈಚೆಗೆ ಬೀಳುತ್ತಿತ್ತು.

ಆಮೇಲೆ ಅವನು ಮಾಡಿದ್ದನ್ನೆಲ್ಲ ನಾನು ಶಾಲೆಯ ಹುಡುಗನಂತೆ ನಿಂತು ನೋಡಿದೆ. ಎಲ್ಲ ಬಾಗಿಲು ತೆರೆಸಿದ. ನಮ್ಮನ್ನು ಗಾಳಿ ಬೀಸುವ ಕಡೆಗೆ, ದೂರ ನಿಲ್ಲಿಸಿದ. ಡಬ್ಬಗಳನ್ನು ಹೊರಗೆ ತಂದು ಬಂಡೆಯ ನೆರಳಿನಲ್ಲಿಟ್ಟ. ಅವು ಬಸುರಿ ಹಸುವಿನಂತೆ ಉಬ್ಬಿದ್ದವು. ಒಂದರ ಮುಚ್ಚಳದ ಅಂಚಿನಿಂದ ಒಸರುತ್ತಿತ್ತು. ಅವು ತಣ್ಣಗಾಗುವವರೆಗೆ ಸುಮ್ಮನೆ ಕಾದ. ಬಳಿಕ ಮುಖ ಆಚೆ ತಿರುಗಿಸಿ, ಮುಚ್ಚಳವನ್ನು ಕಾಲು ಸುತ್ತು ಬಿಚ್ಚಿದ. ಹಾವು ಬುಸುಗುಟ್ಟಿದ ಸದ್ದು. ನಿಂತ. ಇನ್ನೊಂದು ಕಾಲು ಸುತ್ತು. ಒಮ್ಮೆಲೇ ತೆಗೆದಿದ್ದರೆ ಮುಖಕ್ಕೆ ಕಾರಂಜಿ.

‘ಟ್ಯಾಂಕಿನಲ್ಲಿ ಎಷ್ಟು ಜಾಗ ಆಗಿದೆ?’ ಎಂದು ಕೇಳಿದ. ಹತ್ತು ಲೀಟರ್ ಇರಬಹುದು ಎಂದೆ. ‘ಮತ್ತೆ ಇದನ್ನು ಡಬ್ಬದಲ್ಲಿಟ್ಟುಕೊಂಡು ಯಾರಿಗೆ ತೋರಿಸುತ್ತೀರಿ? ಜಾಗ ಆದ ಕೂಡಲೇ ಸುರಿದುಬಿಡಬೇಕು. ಪೆಟ್ರೋಲಿಗೆ ಟ್ಯಾಂಕಿಗಿಂತ ಒಳ್ಳೆಯ ಮನೆ ಇಲ್ಲ.’

ಇಂಜಿನ್ನು ಆರಿದ ಮೇಲೂ ಒಂದಿಷ್ಟು ಹೊತ್ತು ಬಿಟ್ಟು, ಲಾಳಿಕೆ ಇಟ್ಟು, ಸೋರುತ್ತಿದ್ದ ಡಬ್ಬವನ್ನು ಪೂರ್ತಿ ಟ್ಯಾಂಕಿಗಿಳಿಸಿದ. ಇನ್ನೊಂದರಿಂದ ಒಂದು ಲೀಟರ್ ತೆಗೆದು ಉಸಿರಾಡಲು ಜಾಗ ಮಾಡಿ, ಗಾಡಿಯ ಹೊರಗೆ ಹಿಂಭಾಗದಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಿಕೊಟ್ಟ. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಟೀ ಬೇಕಾದರೆ ಮುಂದೆ ಡೇರೆ ಹೋಟೆಲಿದೆ ಎಂದು ಹೇಳಿ ಹೊರಟ. ಇಷ್ಟು ಹೊತ್ತೂ ನಾನು ನೋಡುತ್ತಿದ್ದದ್ದು ಅವನ ಕೈಗಳನ್ನೇ. ಹತ್ತು ಬೆರಳೂ ನೆಟ್ಟಗಿದ್ದವು.

ಡೇರೆಯಲ್ಲಿ ರಾತ್ರಿ ನಿದ್ದೆ ಬರಲಿಲ್ಲ. ಖಾಲಿಯಾದೀತೆಂಬ ಭಯ ಕಣ್ಣೆದುರು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದಿತ್ತು. ಉರಿದೀತೆಂಬ ಭಯವನ್ನು ಯಾರೂ ಬರೆದಿರಲಿಲ್ಲ. ಮೊದಲನೆಯ ಭಯ ಎರಡನೆಯದನ್ನು ನುಂಗಿಬಿಟ್ಟಿತ್ತು. ಪೆಟ್ರೋಲ್ ಮುಗಿದಿದ್ದರೆ ಏನಾಗುತ್ತಿತ್ತು? ರಸ್ತೆ ಬದಿ ಕುಳಿತು, ಬರುವ ಲಾರಿಗೆ ಕೈ ಅಡ್ಡ ಹಾಕಿ, ಒಂದು ದಿನ ಹಾಳಾಗುತ್ತಿತ್ತು. ಆ ಒಂದು ದಿನ ಉಳಿಸಲು ನಾವು ಮೂರು ಜೀವ ಒತ್ತೆಯಿಟ್ಟಿದ್ದೆವು.

ಊರಿಗೆ ಬಂದವನು ಮಾಡಿದ ಮೊದಲ ಕೆಲಸ ಒಂದು ಉಕ್ಕಿನ ಜರಿಕ್ಯಾನ್ ಕೊಂಡದ್ದು. ಅಪ್ಪಯ್ಯನ ಜೀಪಿನಲ್ಲಿದ್ದದ್ದು ಪೇಟೆಯಲ್ಲಿ ಮಾಡಿಸಿದ ತೆಳು ತಗಡಿನ ಡಬ್ಬ. ಇದು ಹಾಗಲ್ಲ. 1930ರ ದಶಕದ ಕೊನೆಯಲ್ಲಿ ಜರ್ಮನ್ ಸೈನ್ಯಕ್ಕಾಗಿ ರೂಪಿಸಿದ್ದು. ಆಫ್ರಿಕದ ಮರುಭೂಮಿಯಲ್ಲಿ ಬ್ರಿಟಿಷರ ತೆಳು ತಗಡಿನ ಡಬ್ಬಗಳು ದಾರಿಯುದ್ದಕ್ಕೂ ಸೋರುತ್ತಿದ್ದಾಗ, ಜರ್ಮನರಿಂದ ವಶಪಡಿಸಿಕೊಂಡ ಈ ಕ್ಯಾನುಗಳಿಗೆ ಅವರೇ ಮಾರುಹೋದರು. ಬ್ರಿಟಿಷ್ ಸೈನಿಕರು ಜರ್ಮನರನ್ನು ಕರೆಯುತ್ತಿದ್ದದ್ದು ‘ಜೆರ್ರಿ’ ಎಂದು. ಅದೇ ಕ್ಯಾನಿನ ಹೆಸರಾಯಿತು. ಮೇಲೆ ಮೂರು ಹಿಡಿ ಏಕೆ ಎಂದು ಚಿಕ್ಕಂದಿನಲ್ಲಿ ಮಿಲಿಟರಿ ಲಾರಿಗಳನ್ನು ನೋಡಿದಾಗಲೆಲ್ಲ ನನಗೆ ಕುತೂಹಲ. ತುಂಬಿದ್ದಾಗ ಇಬ್ಬರು ಆಚೀಚಿನ ಹಿಡಿ ಹಿಡಿದು ಒಯ್ಯಬಹುದು, ಖಾಲಿಯಾದಾಗ ಒಬ್ಬನೇ ಒಂದು ಕೈಯಲ್ಲಿ ಎರಡು ಕ್ಯಾನು ಎತ್ತಬಹುದು. ಪಕ್ಕದ ಗುಣಾಕಾರದ ಗೆರೆಗಳು ಅಲಂಕಾರವಲ್ಲ, ತಗಡಿಗೆ ಬಲ, ಹಿಗ್ಗಲು ಅವಕಾಶ. ಇಪ್ಪತ್ತು ಲೀಟರ್ ತುಂಬಿದ ಮೇಲೂ ಮೇಲುಗಡೆ ಗಾಳಿಗೆ ಜಾಗ ಉಳಿಯುವಂತೆ ಮಾಡಿದ್ದಾರೆ. ತಾಂಡಿಯ ಮುದುಕ ಬಿಡಲು ಹೇಳಿದ ಒಂದು ಲೀಟರ್ ಜಾಗ ಅದರ ಹುಟ್ಟಿನಲ್ಲೇ ಇದೆ!

ನಮ್ಮ ಕಾನೂನೂ ಅದನ್ನೇ ಹೇಳುತ್ತದೆ ಎಂದು ಆಮೇಲೆ ಓದಿ ತಿಳಿಯಿತು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರಿನವರೆಗೆ ಪೆಟ್ರೋಲನ್ನು ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆ ಬಿಗಿಯಾಗಿ ಮುಚ್ಚಿರಬೇಕು, ಲೋಹದ್ದಾದರೆ 25 ಲೀಟರ್ ಮೀರಬಾರದು. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ.

ಕ್ಯಾನನ್ನು ಎಲ್ಲಿ ಕಟ್ಟಬೇಕು ಎಂಬುದಕ್ಕೆ ಮಾತ್ರ ಪೂರ್ತಿ ಸರಿಯಾದ ಉತ್ತರವಿಲ್ಲ. ಒಳಗಿಟ್ಟರೆ ಆವಿ. ಹಿಂದೆ ನೇತುಹಾಕಿದರೆ ಹಿಂದಿನವನು ಗುದ್ದಿದಾಗ ಅಪಾಯ. ಮೇಲೆ ಕಟ್ಟಿದರೆ ಕ್ಯಾನೂ ಸೇರಿ ಹತ್ತೊಂಬತ್ತು ಇಪ್ಪತ್ತು ಕಿಲೋ ಭಾರ ತಲೆಯ ಮೇಲೆ. ಪಕ್ಕಕ್ಕೆ ವಾಲುವ ಕಾಡುದಾರಿಯಲ್ಲಿ ಗಾಡಿ ಮಗುಚಲು ಅದೇ ಸಾಕು. ನಾನು ಹೊರಗೆ, ಹಿಂಭಾಗದಲ್ಲಿ, ಸೈಲೆನ್ಸರಿನಿಂದ ದೂರದ ಬದಿಗೆ ಕಬ್ಬಿಣದ ಚೌಕಟ್ಟು ಮಾಡಿಸಿ ನೆಟ್ಟಗೆ ನಿಲ್ಲಿಸಿ ಬಿಗಿಯುತ್ತೇನೆ. ಟ್ಯಾಂಕಿನಲ್ಲಿ ಜಾಗವಾದ ಕೂಡಲೇ ಸುರಿದು ಮುಗಿಸುತ್ತೇನೆ. ಜೊತೆಗೊಂದು ಪುಡಿಯ ಅಗ್ನಿಶಾಮಕ ಇರುತ್ತದೆ. ನೀರು ಸುರಿದರೆ ಪೆಟ್ರೋಲ್ ಅದರ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ಹರಡುತ್ತದೆ.

ಈಗ ತಿಂಗಳಿಗೊಂದು ಭಾನುವಾರ ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ದಾರಿಗಳಲ್ಲಿ ಜೀಪು ಓಡಿಸುವ ಹುಡುಗರ ಜೊತೆ ಹೋಗುತ್ತೇನೆ. ನಾನೇ ಹಿರಿಯ, ಹಾಗಾಗಿ ಎಲ್ಲರಿಗೂ ಅಂಕಲ್. ಕೆಸರಿನಲ್ಲಿ ಲೋ ಗೇರ್ ಹಾಕಿ ಗುದ್ದಾಡುವಾಗ ಕಿಲೋಮೀಟರಿನ ಲೆಕ್ಕ ನಡೆಯುವುದಿಲ್ಲ, ಗಂಟೆಯ ಲೆಕ್ಕವೇ ಸರಿ ಎಂದು ಅವರಿಗೆ ಹೇಳುತ್ತಿರುತ್ತೇನೆ. ಟ್ಯಾಂಕಿನಲ್ಲಿ ಕಾಲು ಭಾಗ ಇದ್ದರೂ ಕಡಿದಾದ ಏರಿನಲ್ಲಿ ಪೆಟ್ರೋಲೆಲ್ಲ ಒಂದು ಮೂಲೆಗೆ ಸರಿದು ಇಂಜಿನ್ನು ಕೆಮ್ಮುವುದುಂಟು. ಆದ್ದರಿಂದ ಕೊನೆಯ ಬಂಕಿನಲ್ಲಿ ಟ್ಯಾಂಕು ತುಂಬಿಸಿದರೆ ಒಂದು ದಿನದ ಸವಾರಿಗೆ ಕ್ಯಾನೇ ಬೇಡ. ಬೇಡದಿದ್ದಾಗ ಒಯ್ಯದಿರುವುದೇ ಎಲ್ಲಕ್ಕಿಂತ ದೊಡ್ಡ ಸುರಕ್ಷತೆ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗನ ಗಾಡಿಯಲ್ಲಿ ಒಂದೊಂದು ಲೀಟರಿನ ಆರು ನೀರಿನ ಬಾಟಲಿಗಳು ಉರುಳಾಡುತ್ತಿದ್ದವು. ಎರಡರಲ್ಲಿ ನೀರು, ನಾಲ್ಕರಲ್ಲಿ ಪೆಟ್ರೋಲ್. ಇನ್ನೊಂದು ಗಾಡಿಯಲ್ಲಿ ಬಂದಿದ್ದ ದಂಪತಿಯ ಐದಾರು ವರ್ಷದ ಮಗಳು ಬಾಯಾರಿ, ಕೈಗೆ ಸಿಕ್ಕ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ನಾನು ಕೂಗಿದ ಕೂಗಿಗೆ ಅವಳು ಬಾಟಲಿ ಬಿಟ್ಟು ಅತ್ತಳು. ಸದ್ಯ, ಮುಚ್ಚಳ ಇನ್ನೂ ಬಿಚ್ಚಿರಲಿಲ್ಲ. ಪೆಟ್ರೋಲ್ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಸಂಚಕಾರ. ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯುವ ಶೂರರಿಗೂ ಈ ಮಾತು ಸಲ್ಲುತ್ತದೆ.

ಹುಡುಗನ ಮುಖ ಸಪ್ಪಗಾಗಿತ್ತು. ಆದರೂ ಕೇಳಿದ: ‘ಅಂಕಲ್, ದಾರೀಲಿ ಖಾಲಿ ಆಗ್ಬಿಟ್ರೆ?’

‘ಆದ್ರೆ ಕೂತ್ಕೊಂಡು ಬುತ್ತಿ ಬಿಚ್ಚಪ್ಪಾ, ನಾವು ಬರ್ತೀವಿ’ ಎಂದೆ. ಬೇರೆ ಉತ್ತರ ನನ್ನ ಬಳಿ ಇರಲಿಲ್ಲ, ಈಗಲೂ ಇಲ್ಲ.

ಡ್ರೈವರಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಕೈ ಸುಟ್ಟ ಮೇಲೂ ಇಪ್ಪತ್ತು ವರ್ಷ ಅವನು ನಮ್ಮ ಜೀಪು ಓಡಿಸಿದ. ಕ್ಯಾನು ಖಾಲಿಯಾದ ದಿನ ಬಚ್ಚಲ ಒಲೆಯಿಂದ ದೂರ, ಅಂಗಳದ ತುದಿಯಲ್ಲಿ, ಬಾಯಿ ತೆರೆದು ಮಗುಚಿ ಹಾಕುತ್ತಿದ್ದ. ಅದು ಒಣಗಿದೆ ಎಂದು ಅವನಿಗೆ ಎಂದೂ ನಂಬಿಕೆಯಿಲ್ಲ. ಆಮೇಲೂ ಅದರ ಹತ್ತಿರ ಬೀಡಿ ಹಚ್ಚಲಿಲ್ಲ, ಸೋರುವ ಕ್ಯಾನನ್ನು ಎಂದೂ ಬೆಸುಗೆಗೆ ಒಯ್ಯಲಿಲ್ಲ, ತುಳಿದು ಚಪ್ಪಟೆ ಮಾಡಿ ಹೂತುಬಿಟ್ಟ. ಅದೇ ಅಂಗಳದಲ್ಲಿ ಅಮ್ಮ ಹಪ್ಪಳ ಒಣಗಿಸಲು ಚಾಪೆ ಹಿಡಿದು ಬಂದರೆ, ಮಡಿಚಿದ ಬೆರಳಿನ ಕೈ ಎತ್ತಿ ‘ಆ ಕಡೆ ಹಾಕಿ ಅಮ್ಮಾ, ಈ ಕಡೆ ಬೇಡ’ ಎನ್ನುತ್ತಿದ್ದ.

ಹೋದ ವಾರ ಖಾಲಿ ಜರಿಕ್ಯಾನನ್ನು ಮನೆಯ ತಾರಸಿಯ ಮೂಲೆಗೆ ಒಯ್ದು ಮಗುಚುತ್ತಿದ್ದೆ. ಹೆಂಡತಿ ಸಂಡಿಗೆಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ‘ಆ ಕಡೆ ಇಡು, ಈ ಕಡೆ ಬೇಡ’ ಎಂದೆ. ‘ಖಾಲಿ ಕ್ಯಾನಿಗೆ ಎಷ್ಟು ಹೆದರ್ತೀರಪ್ಪಾ’ ಎಂದು ನಕ್ಕಳು.

ಹೌದು ಎಂದೆ.